ಅಪ್‌ಡೇಟ್: ಚಂದಾ ಕಟ್ಟಿದ ಗೇಮಿನಲ್ಲಿ ಮತ್ತೆ ದುಬಾರಿ ಖರೀದಿ, ದೂರಿಗೆ ಬಂದ ಉತ್ತರ

ತಿಂಗಳ ಚಂದಾ ಪಡೆಯುವ ಆನ್‌ಲೈನ್ ಗೇಮ್ ಒಂದು ತನ್ನೊಳಗಿನ ಅಂಗಡಿಯಲ್ಲಿ ಮತ್ತೆ ದುಬಾರಿ ಬೆಲೆ ವಸೂಲು ಮಾಡುವುದು ಸರಿಯೇ ಎಂದು ನಾನು ಈ ಹಿಂದೆ ಕೇಳಿದ್ದೆ. ಹಲವರು ಸೂಚಿಸಿದಂತೆ ಕಂಪನಿಗೆ ಲಿಖಿತ ದೂರು ಸಲ್ಲಿಸಿದೆ.

ನನ್ನ ಮುಖ್ಯ ಆಕ್ಷೇಪ, ಆ ಅಂಗಡಿಯಲ್ಲಿ ಬಳಸಲು ನಿಜವಾದ ಹಣ ಕೊಟ್ಟು ಕೊಳ್ಳಬೇಕಾದ ಗೇಮಿನ ನಾಣ್ಯಗಳ ಲೆಕ್ಕಾಚಾರದ ಬಗ್ಗೆ. ಸವಾರಿಯ ಕುದುರೆಗೆ 1,100 ನಾಣ್ಯ ಬೇಕು, ಆದರೆ ನಾಣ್ಯಗಳು 500 ಅಥವಾ 1,000ರ ಪ್ಯಾಕ್‌ಗಳಲ್ಲಿ ಮಾತ್ರ ಸಿಗುವುದರಿಂದ 1,500 ಕೊಳ್ಳಲೇಬೇಕಾಗುತ್ತದೆ. ಮಿಕ್ಕ 400ಕ್ಕೆ ಅಂಗಡಿಯಲ್ಲಿ ಏನೂ ಬರುವುದಿಲ್ಲವಾದ್ದರಿಂದ ಅದು ಮುಂದಿನ ಖರೀದಿಗೆ ಹಾಕಿದ ಗಾಳವಾಗಿ ಖಾತೆಯಲ್ಲೇ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಗಳ ಜಾಲವು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ತತ್ವಗಳು, ಬೆಲೆಯನ್ನು ನಿಜವಾದ ಹಣದಲ್ಲೂ ತೋರಿಸಬೇಕು, ಬೇಡದ ನಾಣ್ಯಗಳನ್ನು ಕೊಳ್ಳುವಂತೆ ಮಾಡಬಾರದು ಎನ್ನುತ್ತವೆ. ಅದನ್ನೂ ದೂರಿನಲ್ಲಿ ಉಲ್ಲೇಖಿಸಿದ್ದೆ.

ಬಳಸದ ನಾಣ್ಯಗಳ ಹಣ ಮರಳಿ ಬಂದಿದೆ. ಬೆಲೆಯ ಪ್ರಶ್ನೆಗೆ ಮಾತ್ರ, ಖರೀದಿ ಐಚ್ಛಿಕ ಎಂಬ ಸಿದ್ಧ ಉತ್ತರ. ಉಚಿತ ಗೇಮ್ ಈ ಮಾತನ್ನಾಡಿದರೆ ಒಪ್ಪಬಹುದು. ಆದರೆ ಪ್ರತಿ ತಿಂಗಳೂ ಚಂದಾ ಪಡೆದು, ಮೊದಲು ಆಡಿ ಗೆಲ್ಲಬಹುದಾಗಿದ್ದ ಉಡುಪು, ವಾಹನಗಳನ್ನು ಒಂದೊಂದಾಗಿ ಅಂಗಡಿಗೆ ಸಾಗಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಆದ್ದರಿಂದ ಚಂದಾದ ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಿ, ಅದರ ಕಾರಣವನ್ನೂ ಕಂಪನಿಗೆ ಬರೆದು ತಿಳಿಸಿದ್ದೇನೆ.