ಪಿಂಗಾಣಿಗೆ ಬೇರೆ ಗಾಜಿನ ಶೋಕೇಸ್ ಬೇಕಾ?

ಪ್ರಶ್ನೆ: ಪಿಂಗಾಣಿ ಸೆಟ್ಟನ್ನು ಅಡುಗೆಮನೆ ಕಪಾಟಿನಲ್ಲೇ ಇಟ್ಟರೆ ಆಗಲ್ವಾ? ಹಾಲ್‌ನಲ್ಲಿ ಗಾಜಿನ ಶೋಕೇಸ್ ಬರೀ ತೋರಿಕೆಗಾ?

ಉತ್ತರ 1: ಖಂಡಿತ ಅಲ್ಲ. ಒಗ್ಗರಣೆ ಹೊಗೆಯ ಜಿಡ್ಡಿಗೆ ಧೂಳು ಅಂಟಿದರೆ ಉಜ್ಜಲೇಬೇಕು. ಚಿನ್ನದ ಅಂಚು ಸವೆಯೋದು ಆ ಉಜ್ಜಾಟದಲ್ಲೇ. ಊಟದ ತಟ್ಟೆ 10–11 ಇಂಚು ಇರುತ್ತೆ, ಶೋಕೇಸಿನ ಒಳಗಿನ ಆಳ 12 ಇಂಚಿಗಿಂತ ಕಡಿಮೆ ಮಾಡಿಸಬೇಡಿ.

ಉತ್ತರ 2: ಜೋಡಿಸೋದೂ ಮುಖ್ಯ. ತಟ್ಟೆಯ ತಳದ ಉಂಗುರಕ್ಕೆ ಸಾಮಾನ್ಯವಾಗಿ ಹೊಳಪಿನ ಲೇಪ ಇರಲ್ಲ. ಬೆರಳಾಡಿಸಿ ನೋಡಿ, ಉಪ್ಪುಕಾಗದದ ಹಾಗೆ ತರಿತರಿ. ಅದು ಕೆಳಗಿನ ತಟ್ಟೆಯನ್ನು ಗೀಚುತ್ತೆ. ನಡುವೆ ಟಿಶ್ಯೂ ಇಡಿ. ಕಪ್ಪನ್ನು ಹಿಡಿಯಿಂದ ನೇತುಹಾಕಲೇಬೇಡಿ. ಹಿಡಿ ಪ್ರತ್ಯೇಕವಾಗಿ ತಯಾರಿಸಿ ಅಂಟಿಸಿದ್ದು, ಬಿರುಕು ಬಿಡೋದು ಆ ಬೆಸುಗೆಯಲ್ಲೇ.

ಉತ್ತರ 3: ಭಾರದ್ದೆಲ್ಲ ಕೆಳಗಿನ ಅರೆಗೆ. ಮೇಲ್ಭಾಗವನ್ನು ಎಲ್ ಕ್ಲಾಂಪ್ (L ಆಕಾರದ ಲೋಹದ ಪಟ್ಟಿ) ಹಾಕಿ ಗೋಡೆಗೆ ಬಿಗಿಸಿ, ಮಕ್ಕಳು ಬಾಗಿಲಿಗೆ ಜೋತುಬಿದ್ದರೆ ಇಡೀ ಶೋಕೇಸೇ ಮಗುಚುತ್ತೆ.