ಸಹಾಯ ಬೇಕು: ಬರ್ಲಿನ್‌ನಲ್ಲಿ ಭಾನುವಾರ ಗ್ರೈಂಡರ್ ಹಾಕಬಹುದಾ?

ನಮಸ್ಕಾರ. ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಇಡೀ ದಿನ ಗದ್ದಲ ಮಾಡೋ ಹಾಗಿಲ್ಲ. ಗೋಡೆಗೆ ಡ್ರಿಲ್ ಹಾಕೋದು, ಗಾಜಿನ ಬಾಟಲಿಗಳನ್ನ ಬೀದಿಯ ಡಬ್ಬಕ್ಕೆ ಎಸೆಯೋದು ಬೇಡ ಅನ್ನೋದು ಒಳ್ಳೇ ಪದ್ಧತಿನೇ. ತೊಡಕಿರೋದು ಟೇಬಲ್‌ಟಾಪ್ ಗ್ರೈಂಡರ್‌ದು. ಉದ್ದು, ಅಕ್ಕಿ ಎರಡೂ ರುಬ್ಬೋಕೆ 40 ನಿಮಿಷ ಬೇಕು. ಸದ್ದಿಗಿಂತ ಅದುರೋದೇ ಜಾಸ್ತಿ, ಹಳೇ ಕಟ್ಟಡದ ಮರದ ನೆಲ ಅದನ್ನ ನೇರ ಕೆಳಗಿನ ಮನೆಗೆ ಇಳಿಸುತ್ತೆ.

ದಪ್ಪ ರಬ್ಬರ್ ಮ್ಯಾಟ್ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಟ್ಟಾಯ್ತು. ಅದುರೋದು ಪೂರ್ತಿ ನಿಂತಿಲ್ಲ. ಶನಿವಾರವೇ ರುಬ್ಬಿ ಫ್ರಿಜ್ಜಲ್ಲಿಟ್ಟರೆ ಬುಧವಾರದ ಹೊತ್ತಿಗೆ ದೋಸೆ ವಿಪರೀತ ಹುಳಿ. ಮನೆ ನಿಯಮದ ಹಾಳೆಯಲ್ಲಿ ವಾಷಿಂಗ್ ಮಷೀನ್ ಹೆಸರಿದೆ, ಅಡುಗೆಮನೆ ಯಂತ್ರಗಳ ಮಾತೇ ಇಲ್ಲ.

ಜರ್ಮನಿಯಲ್ಲಿರೋರು ದಯವಿಟ್ಟು ಹೇಳಿ: ಭಾನುವಾರ ಮಧ್ಯಾಹ್ನ 40 ನಿಮಿಷ ಗ್ರೈಂಡರ್ ಓಡಿಸೋದು ನಡೆಯುತ್ತಾ, ಇಲ್ಲಾ ಕೆಳಗಿನ ಮನೆಯವರನ್ನ ಮೊದಲೇ ಕೇಳಬೇಕಾ?