ಇಸಿಜಿ ಸರಿಯಿದೆ, ರಕ್ತದ ವರದಿ ಸರಿಯಿಲ್ಲ: ಸ್ಟೀರಾಯ್ಡ್ ತೆಗೆದುಕೊಂಡವನು ಹೃದಯಕ್ಕೆ ಯಾವ ಪರೀಕ್ಷೆ ಮಾಡಿಸಬೇಕು?

ಪ್ರಶ್ನೆ: ವಿದ್ಯಾಗಿರಿ ಲಿಫ್ಟರ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಊರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದರಿಂದ ಶುರುವಾದ ನನ್ನ ಹವ್ಯಾಸ ಒಂಬತ್ತು ವರ್ಷಗಳಲ್ಲಿ ಪವರ್‌ಲಿಫ್ಟಿಂಗ್ ಸ್ಪರ್ಧೆಗಳವರೆಗೆ ಬಂದಿದೆ. ಮುಚ್ಚಿಡದೆ ಹೇಳುತ್ತೇನೆ, ಕಳೆದ ಮೂರು ವರ್ಷಗಳಲ್ಲಿ ಐದು ಸಲ ಸ್ಟೀರಾಯ್ಡ್ ‘ಸೈಕಲ್’ ಮಾಡಿದ್ದೇನೆ, ಅಂದರೆ ಕೆಲವು ವಾರ ತೆಗೆದುಕೊಂಡು ನಿಲ್ಲಿಸಿದ್ದೇನೆ. ಪ್ರತಿ ಸಲವೂ ಹನ್ನೆರಡು ವಾರ, ವಾರಕ್ಕೆ 500 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್; ಕೊನೆಯ ಎರಡು ಸಲ ಅದರ ಜೊತೆಗೆ ಸ್ಟ್ಯಾನೊಜೊಲಾಲ್ ಮಾತ್ರೆ. ಐದನೆಯದು ಮುಗಿದು ಇನ್ನೂ ಎರಡು ವಾರವಾಗಿಲ್ಲ.

ವಿಮೆಗೆಂದು ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 19, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168, ಹೆಮಟೋಕ್ರಿಟ್ 55 ಎಂದು ಬಂದಿದೆ. ಬಿಪಿ 158/98 ಇತ್ತು. ಇಸಿಜಿ ಮಾತ್ರ ನಾರ್ಮಲ್. ವರದಿಯನ್ನು ಜಿಮ್‌ನ ಟ್ರೇನರ್‌ಗೆ ತೋರಿಸಿದಾಗ ಅವರು, ‘ಇಸಿಜಿ ನಾರ್ಮಲ್ ಐತಿ, ಏನೂ ಆಗಂಗಿಲ್ಲ ಬಿಡೋ ತಮ್ಮಾ, ಪಿಸಿಟಿ ಮಾತ್ರೆ ತೊಗೊಂಡ್ರ ಎಲ್ಲಾ ಸರಿ ಆಗತೈತಿ’ ಎಂದರು. ಸೈಕಲ್ ಮುಗಿದ ಮೇಲೆ ನುಂಗುವ ಮಾತ್ರೆಗಳಿಗೆ ಜಿಮ್‌ನಲ್ಲಿ ಪಿಸಿಟಿ ಎನ್ನುತ್ತಾರೆ. ಅವರ ಮಾತು ನಿಜವೇ? ಈಗ ನಿಲ್ಲಿಸಿದರೆ ಹೃದಯ ಮೊದಲಿನಂತಾಗುತ್ತದೆಯೇ? ವೈದ್ಯರ ಮುಂದೆ ಸ್ಟೀರಾಯ್ಡ್ ಎಂಬ ಮಾತನ್ನೇ ನಾನು ಎತ್ತಿಲ್ಲ. ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ಜಿಮ್‌ನಲ್ಲಿ ಎಲ್ಲರೂ ಹೆದರಿಸುತ್ತಾರೆ. ಮನೆಯಲ್ಲಿ ಅವ್ವನಿಗೂ ಗೊತ್ತಿಲ್ಲ.

ಉತ್ತರ: ಹೃದಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ, ಬೆಳಗಾವಿ

ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದು ಹೇಳಲಾಗದು. ಕಾಗದದ ಮೇಲೆ ಮೂಡುವುದು ಆ ಹತ್ತು ಸೆಕೆಂಡುಗಳಲ್ಲಿ ಹೃದಯದಲ್ಲಿ ಹರಿದ ವಿದ್ಯುತ್ತಿನ ಗೆರೆ. ಹೃದಯದ ಗೋಡೆ ಎಷ್ಟು ದಪ್ಪವಾಗಿದೆ, ಅದು ಎಷ್ಟು ಬಲವಾಗಿ ಹಿಂಡುತ್ತಿದೆ, ರಕ್ತನಾಳದೊಳಗೆ ಕೊಬ್ಬು ಎಷ್ಟು ಕಟ್ಟಿಕೊಂಡಿದೆ ಎಂಬುದನ್ನು ಆ ಗೆರೆಯನ್ನು ನಂಬಿ ಹೇಳಲು ಬರುವುದಿಲ್ಲ.

ನಿಮ್ಮ ವರದಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎಚ್‌ಡಿಎಲ್. ಗಂಡಸರಲ್ಲಿ 40ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆ ಎನ್ನುತ್ತೇವೆ. ನಿಮ್ಮದು ಅದರ ಅರ್ಧದಷ್ಟೂ ಇಲ್ಲ. ನುಂಗುವ ಸ್ಟೀರಾಯ್ಡ್ ಮಾತ್ರೆಗಳು ಹೊಟ್ಟೆಯಿಂದ ನೇರವಾಗಿ ಯಕೃತ್ತಿಗೆ ಹೋಗಿ, ಎಚ್‌ಡಿಎಲ್ ಅನ್ನು ಒಡೆಯುವ ಕಿಣ್ವವನ್ನು ಅಲ್ಲಿ ಹೆಚ್ಚಿಸುತ್ತವೆ. ಭಾರ ಎತ್ತುವವರ ಮೇಲೆಯೇ ನಡೆದು 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ 6 ಮಿಲಿಗ್ರಾಂ ಸ್ಟ್ಯಾನೊಜೊಲಾಲ್ ಆರು ವಾರಗಳಲ್ಲಿ ಎಚ್‌ಡಿಎಲ್ ಅನ್ನು ಶೇ 33ರಷ್ಟು ಇಳಿಸಿತು. ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಳಿಸಿದ್ದು ಶೇ 9ರಷ್ಟು. ಜಿಮ್‌ಗಳಲ್ಲಿ ನುಂಗುವುದು 6 ಮಿಲಿಗ್ರಾಂ ಅಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು.

ಹೆಮಟೋಕ್ರಿಟ್ 55 ಎಂದರೆ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೆಂಪು ಕಣಗಳೇ ತುಂಬಿವೆ, ರಕ್ತ ಮಂದವಾಗಿದೆ ಎಂದರ್ಥ. ಟೆಸ್ಟೋಸ್ಟೆರಾನ್ ಕೊರತೆಗೆಂದು ಚಿಕಿತ್ಸೆ ಪಡೆಯುವವರಲ್ಲಿ ಈ ಅಂಕಿ 54 ದಾಟಿದರೆ ನಾವು ಔಷಧವನ್ನೇ ತಡೆಹಿಡಿಯುತ್ತೇವೆ. ಸ್ಪರ್ಧೆಗೆ ಮುಂಚೆ ಮೈ ಒಣಗಿಸಲು ನೀರು ಬಿಟ್ಟು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರನ್ನು ನಾನು ಕಂಡಿದ್ದೇನೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಮಂದವಾದ ರಕ್ತವನ್ನು ಇನ್ನಷ್ಟು ಮಂದ ಮಾಡಿಕೊಂಡು, ಮೇಲೆ ಪೊಟ್ಯಾಸಿಯಮ್ ಅನ್ನೂ ಕಳೆದುಕೊಂಡರೆ ಹೃದಯದ ಲಯ ತಪ್ಪಲು ಬೇರೆ ಕಾರಣವೇ ಬೇಕಿಲ್ಲ.

ಇನ್ನು ಸ್ನಾಯುವಿನ ಮಾತು. ತೋಳಿನ ಸ್ನಾಯುವಿನಲ್ಲಿರುವಂತೆ ಹೃದಯದ ಸ್ನಾಯುವಿನಲ್ಲೂ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಆದ್ದರಿಂದ ಗೋಡೆ ದಪ್ಪವಾಗುತ್ತದೆ, ನಡುನಡುವೆ ನಾರು ಕಟ್ಟುತ್ತದೆ, ಮೊದಲು ಸಡಿಲಗೊಳ್ಳುವ ಶಕ್ತಿಯೂ ಆಮೇಲೆ ಹಿಂಡುವ ಶಕ್ತಿಯೂ ಕುಗ್ಗುತ್ತವೆ. 2017ರಲ್ಲಿ ಅಮೆರಿಕದ ಸಂಶೋಧಕರು 34ರಿಂದ 54 ವರ್ಷದೊಳಗಿನ 140 ಮಂದಿ ಭಾರ ಎತ್ತುವವರನ್ನು ಪರೀಕ್ಷಿಸಿದರು. ಅವರಲ್ಲಿ 86 ಮಂದಿ ದೀರ್ಘಕಾಲ ಸ್ಟೀರಾಯ್ಡ್ ಬಳಸಿದವರು, ಉಳಿದ 54 ಮಂದಿ ಬಳಸದವರು. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಗೆ ಹೋಗುವ ಪಾಲನ್ನು ಇಜೆಕ್ಷನ್ ಫ್ರಾಕ್ಷನ್, ಅಂದರೆ ಇಎಫ್ ಎನ್ನುತ್ತೇವೆ. ಬಳಸದವರಲ್ಲಿ ಅದು ಸರಾಸರಿ ಶೇ 63, ಬಳಸಿದವರಲ್ಲಿ ಶೇ 52. ಪರೀಕ್ಷೆಯ ಹೊತ್ತಿಗೆ ಇನ್ನೂ ಸೈಕಲ್‌ನಲ್ಲಿದ್ದವರಲ್ಲಿ ಶೇ 49 ಇದ್ದರೆ, ಆಗಲೇ ಬಿಟ್ಟಿದ್ದವರಲ್ಲಿ ಶೇ 58 ಇತ್ತು. ನೀವು ಕೇಳಿದ ‘ಮೊದಲಿನಂತಾಗುತ್ತದೆಯೇ’ ಎಂಬುದಕ್ಕೆ ಸಿಗುವ ಉತ್ತರ ಇದೇ: ಹಿಂಡುವ ಶಕ್ತಿ ಬಹುಮಟ್ಟಿಗೆ ಮರಳಬಹುದು. ಆದರೆ ಅದೇ ಅಧ್ಯಯನದಲ್ಲಿ, ಜೀವಮಾನದಲ್ಲಿ ಎಷ್ಟು ಹೆಚ್ಚು ಕಾಲ ಬಳಸಿದ್ದರೋ ಅಷ್ಟು ಹೆಚ್ಚು ಕೊಬ್ಬು ಹೃದಯದ ರಕ್ತನಾಳಗಳಲ್ಲಿ ಕಂಡಿತು. ನಿಲ್ಲಿಸಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ.

ನಲವತ್ತು ದಾಟಿದ ಮೇಲೆ ನೋಡೋಣ ಎನ್ನುವವರಿಗಾಗಿ ಇನ್ನೊಂದು ಅಧ್ಯಯನವನ್ನು ಹೇಳುತ್ತೇನೆ. ಡೆನ್ಮಾರ್ಕ್‌ನ ಜಿಮ್‌ಗಳ ಉದ್ದೀಪನ ಔಷಧ ತಪಾಸಣೆಯಲ್ಲಿ ಸಿಕ್ಕಿಬಿದ್ದ 1189 ಗಂಡಸರನ್ನು ಸರಾಸರಿ 11 ವರ್ಷ ಹಿಂಬಾಲಿಸಿದಾಗ, ಸಾಮಾನ್ಯ ಜನರಿಗಿಂತ ಅವರಲ್ಲಿ ಹೃದಯಾಘಾತ ಮೂರು ಪಟ್ಟು, ಹೃದಯ ಸ್ನಾಯುವಿನ ಕಾಯಿಲೆ ಸುಮಾರು ಒಂಬತ್ತು ಪಟ್ಟು ಹೆಚ್ಚಾಗಿತ್ತು. ಸಿಕ್ಕಿಬಿದ್ದಾಗ ಅವರ ಸರಾಸರಿ ವಯಸ್ಸು 27.

ನೀವು ಮಾಡಿಸಬೇಕಾದದ್ದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಬರೀ ಇಎಫ್ ನೋಡಿ ಬಿಡದೆ, ಗೋಡೆಯ ದಪ್ಪವನ್ನೂ ಸ್ನಾಯು ಎಷ್ಟು ಕುಗ್ಗುತ್ತದೆ ಎಂದು ತೋರಿಸುವ ಸ್ಟ್ರೇನ್ ಎಂಬ ಅಳತೆಯನ್ನೂ ಕೇಳಿ ಬರೆಸಿಕೊಳ್ಳಿ. ಬಿಪಿಯ ವಿಷಯದಲ್ಲಿ ಒಂದು ಸಣ್ಣ ಅನುಮಾನವಿದೆ. ನಿಮ್ಮ ತೋಳಿಗೆ ಸುತ್ತಿದ ಪಟ್ಟಿ ಯಾವ ಅಳತೆಯದು? ಸಾಮಾನ್ಯ ಪಟ್ಟಿಯನ್ನು ನಿಮ್ಮಂಥವರ ತೋಳಿಗೆ ಬಿಗಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯಲ್ಲಿ ಮತ್ತೊಮ್ಮೆ ಅಳೆಸಿ. ಅದರಲ್ಲೂ 140/90 ದಾಟಿದರೆ ಅದು ಪಟ್ಟಿಯ ತಪ್ಪಲ್ಲ.

ಪಿಸಿಟಿ ಎಂದು ಕೊಡುವ ಕ್ಲೊಮಿಫೀನ್, ಟ್ಯಾಮೊಕ್ಸಿಫೆನ್ ಮಾತ್ರೆಗಳು ವೃಷಣಗಳನ್ನು ಮತ್ತೆ ಕೆಲಸಕ್ಕೆ ಹಚ್ಚಲು ಇರುವಂಥವು. ಹೃದಯದ ಗೋಡೆಗೂ ರಕ್ತನಾಳಕ್ಕೂ ಅವುಗಳಿಂದ ಉಪಯೋಗವಿಲ್ಲ. ಟ್ಯಾಮೊಕ್ಸಿಫೆನ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನೇ ಹೆಚ್ಚಿಸುತ್ತದೆ, ಅದೂ ಹೆಮಟೋಕ್ರಿಟ್ 55 ಇರುವಾಗ. ಸ್ಟೀರಾಯ್ಡ್ ಬಿಟ್ಟ ಮೇಲೆ ಕೆಲವು ತಿಂಗಳು ಸುಸ್ತು, ಖಿನ್ನತೆ, ಕಾಮಾಸಕ್ತಿ ಕುಗ್ಗುವುದು ಇದ್ದೇ ಇರುತ್ತದೆ. ಆ ಕಾಲವನ್ನು ತಾಳಲಾಗದೆಯೇ ಬಹಳಷ್ಟು ಮಂದಿ ಮತ್ತೆ ಸೂಜಿ ಹಿಡಿಯುತ್ತಾರೆ. ಆದ್ದರಿಂದ ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಒಬ್ಬರನ್ನೂ ಕಾಣಿರಿ.

ಎದೆ ಬಿಗಿತ, ತಣ್ಣನೆಯ ಬೆವರು, ಎಡಗೈಗೆ ಹರಿಯುವ ನೋವು ಕಾಣಿಸಿದರೆ ಗ್ಯಾಸ್ ಎಂದು ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯ ಜ್ಯೋತಿ ಯೋಜನೆಯಡಿ ಉಚಿತವಾಗಿ ಇಸಿಜಿ ಮಾಡುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡ ಅಲ್ಲಿಯೇ ಕೊಡುವ ವ್ಯವಸ್ಥೆಯಿದೆ. ಆಗ ಇಸಿಜಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಉತ್ತರ: ಮಾಜಿ 75 ಕೆಜಿ, ವಿಜಯಪುರ

ವೈದ್ಯರು ಅಂಕಿಗಳಲ್ಲಿ ಹೇಳಿದ್ದನ್ನು ನಾನು ಮೆಟ್ಟಿಲುಗಳಲ್ಲಿ ಅನುಭವಿಸಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಪುಣೆಯಿಂದ ಬಂದಿದ್ದ ಬೀಗರನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಪಿಸುಗುಟ್ಟುವ ಗ್ಯಾಲರಿಗೆ ಹತ್ತುವಾಗ ನಾಲ್ಕನೆಯ ಅಂತಸ್ತಿನ ಕಿಟಕಿಯ ಬಳಿ ಕುಳಿತುಬಿಟ್ಟೆ. 94 ಕಿಲೋ ಮೈ, 46 ಸೆಂಟಿಮೀಟರ್ ತೋಳು, ಬಾಯಲ್ಲಿ ಉಸಿರು. ಎಂಟು ವರ್ಷದ ಅಳಿಯ ಮೇಲಕ್ಕೆ ಓಡಿ, ಕೂಗಿ, ಅವನ ಕೂಗಿನ ಪ್ರತಿಧ್ವನಿಗಳನ್ನೆಲ್ಲ ಎಣಿಸಿ ಕೆಳಗೆ ಬಂದರೂ ನಾನು ಅಲ್ಲೇ ಇದ್ದೆ. ಅದಕ್ಕೆ ಮುಂಚಿನ ಎರಡು ವಾರಗಳಿಂದ ರಾತ್ರಿ ಎರಡು ದಿಂಬಿಟ್ಟುಕೊಂಡು ಮಲಗುತ್ತಿದ್ದೆ. ಸಂಜೆಯಾದರೆ ಸಾಕ್ಸ್‌ನ ಗುರುತು ಕಾಲಿನಲ್ಲಿ ಒತ್ತಿ ಕೂರುತ್ತಿತ್ತು. ಮೈ ಬೆಳೆದಿದೆ, ಅದಕ್ಕೇ ಹೀಗೆ ಎಂದುಕೊಂಡಿದ್ದೆ.

ಎಕೋದಲ್ಲಿ ಇಎಫ್ 35 ಬಂತು. ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಎರಡು ಸಲ ಕೇಳಿದರು. ಪ್ರೋಟೀನ್ ಪುಡಿ ಮಾತ್ರ ಸರ್, ಎಂದೆ. ಹಾಗಾಗಿ ವೈರಸ್ಸಿನಿಂದ ಆಗಿರಬಹುದೆಂದು ಊಹಿಸಿ ನಾಲ್ಕು ತಿಂಗಳು ಚಿಕಿತ್ಸೆ ನಡೆಯಿತು, ಮತ್ತು ಆ ನಾಲ್ಕು ತಿಂಗಳಲ್ಲಿ ನಾನು ‘ಕಡಿಮೆ ಡೋಸ್’ ಎಂದುಕೊಂಡು ವಾರಕ್ಕೊಂದು ಸೂಜಿಯನ್ನು ಬಿಡಲಿಲ್ಲ. ಕೊನೆಗೆ ನನ್ನ ಹೆಂಡತಿ ಅಲಮಾರಿನ ಕೆಳಗಿನ ಖಾನೆಯಿಂದ ಖಾಲಿ ವೈಲ್‌ಗಳನ್ನು ಅಡಕೆ ಚೀಲದಲ್ಲಿ ಹಾಕಿಕೊಂಡು ಬಂದು ವೈದ್ಯರ ಮೇಜಿನ ಮೇಲೆ ಸುರಿದಳು. ಅವರು ಬೈಯಲಿಲ್ಲ. ಒಂದೊಂದನ್ನೇ ಎತ್ತಿ ಓದಿ, ಹೆಸರು ಬರೆದುಕೊಂಡರು. ಪೊಲೀಸರೂ ಬರಲಿಲ್ಲ.

ಎಲ್ಲವನ್ನೂ ನಿಲ್ಲಿಸಿ, ಮೆಟೊಪ್ರೊಲಾಲ್, ಸಕುಬಿಟ್ರಿಲ್-ವಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಹೀಗೆ ದಿನಕ್ಕೆ ಮುಷ್ಟಿ ಮಾತ್ರೆಗಳಾದವು. ಹದಿನಾಲ್ಕು ತಿಂಗಳಿಗೆ ಇಎಫ್ 48ಕ್ಕೆ ಏರಿತು. ಆಮೇಲೆ ಅಲ್ಲಿಯೇ ನಿಂತಿದೆ. ಈಗ 79 ಕಿಲೋ ಇದ್ದೇನೆ. ಹಳೆಯ ಅಂಗಿಗಳೆಲ್ಲ ತಮ್ಮನಿಗೂ ದೊಡ್ಡವಾಗುತ್ತವೆ. ಬಾಗಲಕೋಟೆಯ ತಮ್ಮ, ನಿನ್ನ ಅವ್ವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು, ಆದರೆ ಎಕೋ ಮಾಡುವವರಿಗೆ ಒಳಗೆ ಹೋದ ಕೂಡಲೇ ಹೇಳು.

ಉತ್ತರ: ಔಷಧ ಅಂಗಡಿಯವ, ಜಮಖಂಡಿ

ಪೊಲೀಸ್ ಭಯದ ಬಗ್ಗೆ ಮಾತ್ರ ಬರೆಯುತ್ತೇನೆ. ಈ ಔಷಧಗಳು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಗೆ ಸೇರಿಲ್ಲ. ಔಷಧ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿವೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಿದವನ ಪರವಾನಗಿಗೆ ಕುತ್ತು. ನಿಮ್ಮನ್ನು ಹೆದರಿಸುವವರು ಯಾರ ಚರ್ಮ ಉಳಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಜಿಮ್‌ಗಳಿಗೆ ಬರುವ ವೈಲ್‌ಗಳಲ್ಲಿ ಕೆಲವನ್ನು ಗ್ರಾಹಕರು ನನಗೆ ತೋರಿಸಿದ್ದಾರೆ: ಹೊಳೆಯುವ ಹೊಲೊಗ್ರಾಮ್ ಇರುತ್ತದೆ, ತಯಾರಿಕಾ ಪರವಾನಗಿ ಸಂಖ್ಯೆ ಇರುವುದಿಲ್ಲ. ಒಳಗೆ 250 ಇದೆಯೋ 50 ಇದೆಯೋ, ಕುದುರೆಗೆ ಕೊಡುವ ಬೋಲ್ಡಿನೋನ್ ಇದೆಯೋ, ಬರೀ ಎಣ್ಣೆಯೋ ಹೇಳುವವರಿಲ್ಲ. ಹಾಗಾಗಿ ‘ವಾರಕ್ಕೆ 500’ ಎಂಬ ನಿಮ್ಮ ಲೆಕ್ಕವನ್ನು ನೀವೇ ಪೂರ್ತಿ ನಂಬಬೇಡಿ. ವೈಲ್ ಉಳಿದಿದ್ದರೆ ವೈದ್ಯರಿಗೆ ತೋರಿಸಿ.

ಅಂದಹಾಗೆ, ಇದನ್ನು ಓದಿ ಯಾರೂ ದಮ್ಮಿನ ಪಂಪನ್ನು ಬಿಸಾಡಬಾರದು. ಅದರಲ್ಲಿರುವ ಸ್ಟೀರಾಯ್ಡ್ ಬೇರೆ ಕುಲದ್ದು.

ಉತ್ತರ: ತಾಲೀಮಿನ ಮಾಸ್ತರ, ಬೆಳಗಾವಿ

ನಮ್ಮ ಕಾಲದ ಪೈಲ್ವಾನರು ಹಾಲು, ಬಾದಾಮಿ, ತುಪ್ಪದಲ್ಲೇ ಬೆಳೆದವರು ಎಂದು ಎದೆ ತಟ್ಟಿಕೊಳ್ಳುವವರು ಈಗ ಇಲ್ಲಿಗೂ ಬರುತ್ತಾರೆ. ಅವರಿಗೆ ನನ್ನದೊಂದು ತಿದ್ದುಪಡಿ. ಕುಸ್ತಿ ಬಿಟ್ಟ ಮೇಲೂ ತುಪ್ಪ ಬಿಡದೆ ಐವತ್ತರೊಳಗೆ ಎದೆ ಹಿಡಿದುಕೊಂಡು ಹೋದ ನನ್ನ ಜೊತೆಯ ಮೂವರನ್ನು ನಾನೇ ಹೊತ್ತಿದ್ದೇನೆ. ತಾಲೀಮಿನಲ್ಲಿ ಒಂದು ಒಳ್ಳೆಯದಿತ್ತು: ದಂಡ ಬಸ್ಕಿ ಹೊಡೆಯುವಾಗ ಹುಡುಗನ ಉಸಿರು ಕೆಟ್ಟರೆ ಉಸ್ತಾದ ಅಂದು ಅವನನ್ನು ಮಣ್ಣಿಗೆ ಇಳಿಸುತ್ತಿರಲಿಲ್ಲ. ಈಗಿನ ಟ್ರೇನರ್ ವರದಿ ನೋಡಿದ ಮೇಲೂ ಬಿಡೋ ತಮ್ಮಾ ಎನ್ನುತ್ತಾನಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ವಿದ್ಯಾಗಿರಿ ಲಿಫ್ಟರ್, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಎಕೋ ಆಯಿತು, ಒಳಗೆ ಹೋದ ಕೂಡಲೇ ಹೇಳಿದೆ. ಇಎಫ್ 51, ಗೋಡೆ 14 ಮಿಲಿಮೀಟರ್. ದೊಡ್ಡ ಪಟ್ಟಿಯಲ್ಲಿ ಬಿಪಿ 146/94 ಬಂತು, ಟೆಲ್ಮಿಸಾರ್ಟನ್ ಶುರುವಾಗಿದೆ. ಭಾರ ಎತ್ತಿದ್ದರಿಂದಲೇ ಗೋಡೆ ದಪ್ಪವಾಗಿರಬಹುದಲ್ಲವೇ ಎಂದು ಜಿಮ್‌ನ ಗೆಳೆಯರು ಕೇಳುತ್ತಿದ್ದಾರೆ. ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ, ಅದರ ಬಗ್ಗೆಯೂ ಹೇಳಿ ಸರ್.

ಹೃದಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ, ಬೆಳಗಾವಿ

ಬರೀ ಕಸರತ್ತಿನಿಂದ ಗೋಡೆ 12 ಮಿಲಿಮೀಟರ್ ದಾಟುವುದು ಅಪರೂಪ, ಮತ್ತು ಹಾಗೆ ದಪ್ಪವಾದ ಹೃದಯ ಸಲೀಸಾಗಿ ಸಡಿಲಗೊಳ್ಳುತ್ತದೆ, ಇಎಫ್ ಕೂಡ ಇಳಿದಿರುವುದಿಲ್ಲ. ನಿಮ್ಮಲ್ಲಿ ಬಿಪಿ, ಸ್ಟೀರಾಯ್ಡ್, ಭಾರ ಮೂರೂ ಸೇರಿವೆ. ಯಾವುದರ ಪಾಲು ಎಷ್ಟು ಎಂಬುದು ಸ್ಟೀರಾಯ್ಡ್ ಬಿಟ್ಟು ಬಿಪಿ ಹತೋಟಿಗೆ ಬಂದ ಮೇಲಿನ ಎಕೋದಲ್ಲಿ ತಿಳಿಯುತ್ತದೆ. ಅದನ್ನು ಮೂರು ತಿಂಗಳಿಗೆ ಮಾಡಿಸಿ.

ಸ್ಪರ್ಧೆಯಿಂದ ಹೆಸರು ವಾಪಸು ತೆಗೆದುಕೊಳ್ಳಿ. ಉಸಿರು ಕಟ್ಟಿ ಎರಡೂ ಕಾಲಿನಿಂದ ಲೆಗ್ ಪ್ರೆಸ್ ಮಾಡುವಾಗ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ಒತ್ತಡ ಅಳೆದವರಿಗೆ 1985ರಲ್ಲಿ ಸಿಕ್ಕ ಸರಾಸರಿ 320/250. ಒತ್ತಡ ಅಷ್ಟಕ್ಕೆ ಏರುವಂಥ ಕೆಲಸ ನಿಮ್ಮ ಗೋಡೆಗೆ ಈಗ ಬೇಡ. ನಿಮ್ಮ ವೈದ್ಯರು ಒಪ್ಪಿದರೆ, ಹದಿನೈದು ಸಲ ಸಲೀಸಾಗಿ ಎತ್ತಬಲ್ಲ ತೂಕವನ್ನು ಉಸಿರು ಬಿಡುತ್ತಾ ಎತ್ತಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಎಚ್‌ಡಿಎಲ್ ಮತ್ತು ಹೆಮಟೋಕ್ರಿಟ್ ಪರೀಕ್ಷೆಯನ್ನು ಆರು ವಾರಕ್ಕೆ ಮತ್ತೆ ಮಾಡಿಸಿ, ವರದಿಯನ್ನು ಇಲ್ಲಿ ಹಾಕುವ ಮುಂಚೆ ನಿಮ್ಮ ವೈದ್ಯರಿಗೆ ತೋರಿಸಿ.